ತಣ್ಣಗಿನ ಬೆನ್ನು

ಅಕ್ಕನ ಮನೆಯಲ್ಲಿ ನೆಗ್ಗದ ತಟ್ಟೆ ಒಂದೂ ಇರಲಿಲ್ಲ. ಗೋಡೆಗೆ ಬಿದ್ದು ನೆಗ್ಗಿದ್ದು ಕೆಲವು, ಗಂಡನ ತಲೆಗೆ ಬಿದ್ದು ನೆಗ್ಗಿದ್ದು ಕೆಲವು. ಮನೆಯಲ್ಲಿದ್ದದ್ದು ಮೂರೇ ಜನ: ಅಕ್ಕ, ಅವಳ ಗಂಡ, ಅವಳ ತಮ್ಮ. ಮೂವರಿಗೂ ಮೂಗಿನ ತುದಿಯಲ್ಲೇ ಸಿಟ್ಟು, ಮಾತಿಗಿಂತ ಕೈ ಮುಂದು. ಮೂವರೂ ದುಡಿಯುತ್ತಿದ್ದದ್ದು ಮೀನು ಮಾರುಕಟ್ಟೆಯ ಹಿಂದಿನ ಐಸ್ ಫ್ಯಾಕ್ಟರಿಯಲ್ಲಿ. ತಮ್ಮ ಕರೆಯುವುದನ್ನು ಕೇಳಿ ಕೇಳಿ ಫ್ಯಾಕ್ಟರಿಗೆ ಫ್ಯಾಕ್ಟರಿಯೇ ಅವಳನ್ನು ಅಕ್ಕ ಎನ್ನುತ್ತಿತ್ತು. ಅವಳ ಅಪ್ಪನ ವಯಸ್ಸಿನ ಮೇಸ್ತ್ರಿಯೂ ಸೇರಿ. ಗಂಡನಿಗೆ ಗುಡುಗು ಎಂದು ಹೆಸರಿಟ್ಟಿದ್ದರು. ಅವನು ಗೇಟಿನ ಹತ್ತಿರ ಕೆಮ್ಮಿದರೆ ಒಳಗೆ ಕದ್ದು ಬೀಡಿ ಸೇದುವವರು ಬೀಡಿ ಆರಿಸುತ್ತಿದ್ದರು.

ನೀರು ತುಂಬಿದ ಅಚ್ಚುಗಳನ್ನು ಮುಳುಗಿಸಿಡುವ ಉಪ್ಪುನೀರಿನ ತೊಟ್ಟಿಯಿಂದ ಮೇಲೆದ್ದ ಐಸ್ ಗಡ್ಡೆಗಳನ್ನು ಗುಡುಗು ಮತ್ತು ತಮ್ಮ ಕಬ್ಬಿಣದ ಕೊಕ್ಕೆ ಹಾಕಿ ಎಳೆದು ತರುತ್ತಿದ್ದರು. ಅಕ್ಕ ಅವನ್ನು ಪುಡಿ ಮಾಡುವ ಯಂತ್ರದ ಬಾಯಿಗೆ ನೂಕುತ್ತಿದ್ದಳು. ದಿನವಿಡೀ ಚಳಿ, ದಿನವಿಡೀ ಯಂತ್ರದ ಕಟಕಟ. ಅಂಥ ಕಡೆ ಮೆತ್ತಗೆ ಮಾತಾಡುವವನು ಬದುಕುವುದಾದರೂ ಹೇಗೆ?

ತಾಯಿ ಸತ್ತಾಗ ತಮ್ಮನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಕ್ಕನೂ ಆಗ ಚಿಕ್ಕ ಹುಡುಗಿಯೇ. ಅವನನ್ನು ಸೊಂಟಕ್ಕೆ ಏರಿಸಿಕೊಂಡವಳು ಇಳಿಸಿದ್ದು ಮದುವೆಯ ದಿನವೇ. ಅದೂ ಗಂಡನ ಮನೆಯ ಹೊಸಿಲ ಒಳಗೆ. "ಇವನೂ ನನ್ ಜೊತೆ ಇರ್ತಾನೆ" ಎಂದಳು. "ಇರಲಿ ಬಿಡು, ತಟ್ಟೆ ಎಸೆಯೋಕೆ ಇನ್ನೊಬ್ಬ ಸಿಕ್ಕ" ಎಂದ ಗುಡುಗು. ಆ ಮಟ್ಟಿಗೆ ಅವನದು ದೊಡ್ಡ ಮನಸ್ಸೇ.

ಅಡುಗೆಗೆಂದು ಮಧ್ಯಾಹ್ನವೇ ಮನೆಗೆ ಮರಳುತ್ತಿದ್ದ ಅಕ್ಕ, ಸಂಜೆ ಗುಡುಗು ಬಂದ ಕೂಡಲೇ ಅವನ ಅಂಗಿಯೊಳಗೆ ಕೈ ಹಾಕಿ ಬೆನ್ನು ಮುಟ್ಟಿ ನೋಡುತ್ತಿದ್ದಳು. ಬೆನ್ನು ತಣ್ಣಗಿದ್ದರೆ ಮನುಷ್ಯ ದಿನವೆಲ್ಲ ಐಸ್ ಕೋಣೆಯೊಳಗೆ ಗಡ್ಡೆ ಎಳೆದಿದ್ದಾನೆ ಎಂದು ಲೆಕ್ಕ. ಬೆಚ್ಚಗಿದ್ದರೆ ಮಧ್ಯಾಹ್ನವೇ ನುಣುಚಿಕೊಂಡು ಹೆಂಡದಂಗಡಿಗೆ ಹೋಗಿದ್ದಾನೆ. ಆವತ್ತು ತಟ್ಟೆಗಳಿಗೆ ರೆಕ್ಕೆ. ಹೀಗೆ ವರ್ಷಗಟ್ಟಲೆ ನಡೆದು ಅಂಗೈಗೆ ತಣ್ಣಗೆ ತಾಗಿದರೆ ಸಾಕು, ಮನಸ್ಸು ಕೇಳದೆಯೇ ಅವಳ ಮೈ ಸಡಿಲವಾಗುತ್ತಿತ್ತು. ಆ ಮನೆಯಲ್ಲಿ ತಂಪೆಂದರೆ ಕ್ಷೇಮ.

ಒಂದು ಬೆಳಗ್ಗೆ ಗುಡುಗಿನ ಕೊಕ್ಕೆ ತಪ್ಪಿ ಗಡ್ಡೆಯೊಂದು ಅಕ್ಕನ ಕಾಲ ಪಕ್ಕದಲ್ಲೇ ಬಿದ್ದು ಚೂರಾಯಿತು. "ಕುಡಿದ ಕೈಗೆ ಕೊಕ್ಕೆ ಬೇರೆ ಕೇಡು!" ಎಂದು ಎಲ್ಲರೆದುರು ಕಿರುಚಿದಳು. ಗುಡುಗು ಬಂದವನೇ ಕೆನ್ನೆಗೆ ಬಾರಿಸಿದ. ಮನೆಯಲ್ಲಾಗಿದ್ದರೆ ಅವಳೂ ಬಾರಿಸುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಅವಳ ತಲೆ ಹೋಗಿ ತಿರುಗುತ್ತಿದ್ದ ಯಂತ್ರದ ಅಂಚಿಗೆ ಬಡಿಯಿತು. ತುಟಿ ಹರಿದು ಬಿಳಿ ಐಸಿನ ಮೇಲೆ ರಕ್ತ ತೊಟ್ಟಿಕ್ಕಿತು. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಅವಳೇ ಪುಡಿಯಾಗುತ್ತಿದ್ದಳು.

ತಮ್ಮ ನೋಡಿದ. ಕೈಯಲ್ಲಿ ಕೊಕ್ಕೆ ಇತ್ತು. ಕೂಗಲಿಲ್ಲ, ಬೈಯಲಿಲ್ಲ; ಓಡಿ ಬಂದು ಬೀಸಿದ. ಕೊಕ್ಕೆ ಗುಡುಗಿನ ಭುಜದ ಹಿಂದೆ ಹೊಕ್ಕಿತು, ಎಳೆದರೆ ಮಾಂಸವನ್ನೂ ತಂದಿತು. ಗುಡುಗು ತಿರುಗಿ ಹಣೆಯಿಂದ ಗುದ್ದಿದ. ತಮ್ಮನ ಮೂಗು ಲಟಕ್ಕೆಂದಿತು. ಇಬ್ಬರೂ ಒದ್ದೆ ನೆಲದ ಮೇಲೆ ಒಬ್ಬರ ಗಂಟಲು ಒಬ್ಬರು ಹಿಡಿದು ಉರುಳಾಡಿದರು. ಬಿಡಿಸಲು ಹೋದವರಿಗೂ ಏಟು ಬಿತ್ತು. ಮೋರಿಯಲ್ಲಿ ಕೆಂಪು ನೀರು ಹರಿಯಿತು.

ಅಕ್ಕ ತೋಳಿನಿಂದ ತುಟಿ ಒರೆಸಿಕೊಂಡಳು, ನೆಲದಲ್ಲಿದ್ದ ಕೊಕ್ಕೆ ಎತ್ತಿಕೊಂಡಳು. "ನಮ್ಮನೆಯವ್ರು ಕಾಲು ಜಾರಿ ಕೊಕ್ಕೆ ಮೇಲೆ ಬಿದ್ರು. ಬೇರೆ ಏನಾದ್ರೂ ನೋಡಿದೋರು ಇದೀರಾ?" ಎಂದು ಸುತ್ತಲೂ ಒಂದು ಸಲ ದಿಟ್ಟಿಸಿದಳು. ಯಾರೂ ಏನೂ ನೋಡಿರಲಿಲ್ಲ. ಮೇಸ್ತ್ರಿಯಂತೂ ಹುಟ್ಟಿದಾಗಿನಿಂದ ಏನನ್ನೂ ನೋಡಿಲ್ಲವೆಂಬಂತೆ ಸೂರು ದಿಟ್ಟಿಸುತ್ತ ನಿಂತ.

ಆಸ್ಪತ್ರೆ ಎಂದರೆ ಡಾಕ್ಟರು ಕೇಳುತ್ತಾರೆ, ಡಾಕ್ಟರು ಕೇಳಿದರೆ ಪೊಲೀಸರು ಬರುತ್ತಾರೆ, ಪೊಲೀಸರು ಬಂದರೆ ತಮ್ಮ ಹೋಗುತ್ತಾನೆ. ಅಕ್ಕ ಬಿಸಿ ಉಪ್ಪುನೀರಿನಲ್ಲಿ ಗಾಯ ತೊಳೆದು ಬಟ್ಟೆ ಕಟ್ಟಿದಳು. ಗಂಡ ಉಳಿಯಬೇಕು, ತಮ್ಮನೂ ಉಳಿಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮಾರನೆಯ ದಿನ ಭುಜ ಊದಿ ಕೆಂಪಾಯಿತು. ಜ್ವರ ಏರಿತು. ಮೈ ಎಷ್ಟು ನಡುಗಿತೆಂದರೆ ಮಂಚ ಗೋಡೆಗೆ ಬಡಿದು ಪಕ್ಕದ ಮನೆಯವಳು ಆಚೆಯಿಂದ ಬೈದಳು. ಅದರ ನಡುವೆಯೂ ಗುಡುಗಿನ ಬಾಯಿ ನಿಲ್ಲಲಿಲ್ಲ. "ಆ ನಾಯೀನ ಕರಿ! ಅವನ ಕರುಳು ಬಗೀತೀನಿ!" ಲೋಟ ಎಸೆದ, ಅಕ್ಕನ ಹೊಟ್ಟೆಗೆ ಒದ್ದ, ಒದ್ದೆಬಟ್ಟೆ ಹಾಕಲು ಹೋದರೆ ಕೈ ಕಚ್ಚಿದ. ಕೊನೆಗೆ ಅವಳು ಅವನೆದೆಯ ಮೇಲೆ ಕೂತು ಹಣೆಗೆ ಐಸ್ ಒತ್ತಿದಳು. ಮೂಗಿಗೆ ಪಟ್ಟಿ ಕಟ್ಟಿಕೊಂಡ ತಮ್ಮ ಗೋಣಿಚೀಲದಲ್ಲಿ ಐಸ್ ತಂದು ಹಿತ್ತಲ ಬಾಗಿಲಲ್ಲಿ ಒಡೆಯುತ್ತಿದ್ದ, ಅದೇ ಕೊಕ್ಕೆಯಿಂದ.

"ಭಾವ ಸತ್ರೆ ನನ್ನ ನೇಣಿಗೆ ಹಾಕ್ತಾರಾ ಅಕ್ಕಾ?"

"ಬಾಯ್ಮುಚ್ಕೊಂಡು ಐಸ್ ಒಡಿ."

ಹೀಗೇ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಗುಡುಗಿನ ಕೂಗಾಟ ನಿಂತಿತು. ಅಕ್ಕ ಅಭ್ಯಾಸದಂತೆ ಅಂಗಿಯೊಳಗೆ ಕೈ ಹಾಕಿದಳು. ಬೆನ್ನು ತಣ್ಣಗಿತ್ತು. ದುಡಿದು ಬಂದ ದಿನದ ಬೆನ್ನಿನ ಹಾಗೆಯೇ ತಣ್ಣಗಿತ್ತು. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ಇಳೀತು ಕಣೋ! ಜ್ವರ ಇಳೀತು! ಬಾ ಒಳಗೆ, ಬಂದು ಊಟ ಮಾಡು" ಎಂದು ತಮ್ಮನನ್ನು ಕೂಗಿದಳು. ಇಬ್ಬರೂ ನೆಗ್ಗಿದ ತಟ್ಟೆ ಮುಂದಿಟ್ಟುಕೊಂಡು ಹೊಟ್ಟೆತುಂಬ ಉಂಡರು. "ಇನ್ನೆರಡು ದಿನ ಇರು, ಎದ್ದು ಬಂದು ನಿನ್ನ ಮೂಗಿನ ಉಳಿದರ್ಧಾನೂ ಮುರೀತಾನೆ" ಎಂದು ಅವಳು ನಕ್ಕಳು. ತಮ್ಮನೂ ನಕ್ಕು, ಮೂಗು ನೊಂದು, ಅಯ್ಯೋ ಎಂದ.

ಆಗ ಮಂಚದಿಂದ ಸಣ್ಣ ದನಿ ಬಂತು. "ಅಪ್ಪಾ, ಸ್ವಲ್ಪ ಆ ಬಾಗಿಲು ಹಾಕ್ತೀಯಾ? ಐಸ್ ಕರಗುತ್ತೆ."

ತಮ್ಮನ ಕಣ್ಣಲ್ಲಿ ನೀರು ತುಂಬಿತು. "ಭಾವ ನನ್ನ ಅಪ್ಪಾ ಅಂದ್ರು ಅಕ್ಕಾ!"

ಅಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಬಾಯಿಂದ ಇಷ್ಟು ವರ್ಷದಲ್ಲಿ ಅಪ್ಪಾ ಎಂಬ ಮಾತು ಬಂದದ್ದಿಲ್ಲ. ಎದ್ದು ಹೋಗಿ ಮಂಚದ ಹತ್ತಿರ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏಯ್ ಕುಡುಕ! ಮೈಗಳ್ಳ! ಬಿದ್ಕೊಂಡಿದ್ದು ಸಾಕು, ಏಳು!" ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಅವನು ನಕ್ಕು, "ಹೂಂ ಅಮ್ಮಾ" ಎಂದ. ಕೈಯೆತ್ತಿ ಕೆನ್ನೆಗೆ ಬಲವಾಗಿ ಬಾರಿಸಿದಳು. ಅವಳು ಕೊಟ್ಟ ಒಂದು ಏಟನ್ನೂ ಅವನು ಇದುವರೆಗೆ ತಿರುಗಿಸಿ ಕೊಡದೆ ಉಳಿಸಿಕೊಂಡವನಲ್ಲ. ಈಗ ಏಟಿನ ರಭಸಕ್ಕೆ ಮುಖ ಪಕ್ಕಕ್ಕೆ ತಿರುಗಿತು, ತಿರುಗಿದ್ದು ಹಾಗೇ ಉಳಿಯಿತು.

ಫ್ಯಾಕ್ಟರಿಯ ಚಳಿ ಒಂದು ಕಂಬಳಿಗೆ, ಒಂದು ಲೋಟ ಟೀಗೆ ಬಿಟ್ಟುಹೋಗುತ್ತದೆ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ ಅವಳೇ ಅವನ ಮೇಲೆ ಮಲಗಿದಳು. ಆ ಚಳಿ ಬಿಡಲಿಲ್ಲ. ಅವಳ ಮೈಗೇ ಹತ್ತಿತು. ಅವನು ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ಮೊಣಕಾಲು ನೀಲಿಗಟ್ಟಿತ್ತು.

"ಎತ್ತೋ, ಆಸ್ಪತ್ರೆಗೆ ಹೋಗೋಣ."

ತಮ್ಮ ಬಾಗಿಲಿಗೆ ಅಡ್ಡ ನಿಂತ. "ಜ್ವರ ಇಳೀತು ಅಂತ ನೀನೇ ಅಂದೆ."

"ಇದು ಇಳಿದಿದ್ದಲ್ಲ ಕಣೋ. ದಾರಿ ಬಿಡು."

"ನನ್ನ ಹೆಸ್ರು ಹೇಳಲ್ಲ ಅಂತ ಮಾತು ಕೊಡು. ಕೊಟ್ರೆ ಬಿಡ್ತೀನಿ."

ಅಕ್ಕ ಮಾತು ಕೊಡಲಿಲ್ಲ. ಮುಷ್ಟಿ ಬಿಗಿದು, ಮುರಿದ ಮೂಗಿನ ಮೇಲೇ ಗುದ್ದಿದಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಹೊಸಿಲ ಮೇಲೆ ಕುಸಿದು ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಅವಳು ಗಂಡನ ಕಂಕುಳಿಗೆ ಕೈಹಾಕಿ ಎಳೆದಳು, ಅಲುಗಿಸಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಮ್ಮನೇ ಎದ್ದು, ರಕ್ತ ಒರೆಸಿಕೊಂಡು, ಭಾವನ ಕಾಲು ಹಿಡಿದ.

ಐಸ್ ಸಾಗಿಸುವ ತಳ್ಳುಗಾಡಿಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿ ಇಬ್ಬರೂ ಓಡಿದರು. ದಾರಿಗೆ ಅಡ್ಡ ಬಂದವರಿಗೆಲ್ಲ ಅಕ್ಕನ ಬೈಗುಳ. ಪಕ್ಕಕ್ಕೆ ಸರಿಯದವನಿಗೆ ಗಾಡಿಯೇ ತಗುಲಿತು. ಆಸ್ಪತ್ರೆಯಲ್ಲಿ ನರ್ಸು ಥರ್ಮಾಮೀಟರ್ ಇಟ್ಟಳು, ನೋಡಿದಳು, ಒರೆಸಿ ಮತ್ತೆ ಇಟ್ಟಳು, ಆಮೇಲೆ ಡಾಕ್ಟರನ್ನು ಕರೆಯಲು ಓಡಿದಳು.

"ಜ್ವರ ಇಳಿದಿತ್ತು ಡಾಕ್ಟ್ರೇ, ಮೈ ತಣ್ಣಗಾಗಿತ್ತು" ಎಂದಳು ಅಕ್ಕ, ಅದನ್ನು ಯಾರಾದರೂ ನಿಜ ಎನ್ನಲಿ ಎಂಬಂತೆ.

ಡಾಕ್ಟರಮ್ಮ ಬಟ್ಟೆ ಬಿಚ್ಚಿ ಗಾಯ ನೋಡುತ್ತಲೇ ಹೇಳಿದರು: "ರಕ್ತಕ್ಕೆ ನಂಜೇರಿದೆ ಅಮ್ಮಾ. ಜ್ವರ ಬಂದ್ರೆ ಮೈ ಹೊಡೆದಾಡ್ತಿದೆ ಅಂತ. ಕೆಲವರಿಗೆ ಹೊಡೆದಾಡೋ ಶಕ್ತಿನೇ ಸೋತು ಹೀಗೆ ತಣ್ಣಗಾಗುತ್ತೆ. ಇದು ಜ್ವರಕ್ಕಿಂತ ಕೆಟ್ಟದ್ದು. ಏನು ಚುಚ್ಚಿದ್ದು, ಬಿದ್ದು ಚುಚ್ಚಿದ್ದಾ, ಯಾರಾದ್ರೂ ಹೊಡೆದಿದ್ದಾ? ಅದನ್ನ ಯಾತಕ್ಕೆಲ್ಲ ಬಳಸ್ತಿದ್ರಿ? ಸುಳ್ಳು ಹೇಳ್ಬೇಡಿ, ಔಷಧಿ ಅದನ್ನ ನೋಡ್ಕೊಂಡೇ ಕೊಡ್ಬೇಕು."

ಅಕ್ಕ ತಿರುಗಿ ನೋಡಿದಳು. ತಮ್ಮ ಬಾಗಿಲಾಚೆ ಗಾಡಿಯ ಹಿಡಿ ಹಿಡಿದು ನಿಂತಿದ್ದ. ಓಡೋ, ಓಡಿಹೋಗೋ ಎಂದು ಅವಳ ಕಣ್ಣು ಬೇಡಿತು. ಅವನು ಹಿಡಿ ಬಿಡಲಿಲ್ಲ.

"ಐಸ್ ಕೊಕ್ಕೆ. ಮೀನಿನ ಪೆಟ್ಟಿಗೆನೂ ಅದರಲ್ಲೇ ಎಳೀತಾರೆ" ಎಂದಳು. ಆಮೇಲೆ, "ಕಾಲು ಜಾರಿ ಬಿದ್ದಿದ್ದಲ್ಲ. ಹೊಡೆದಿದ್ದು ನನ್ನ ತಮ್ಮ."

ಗುಡುಗಿನ ಭುಜದ ಕೊಳೆತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದರು. ಬಹಳ ದಿನ ಸಾವಿಗೂ ಅವನಿಗೂ ಕುಸ್ತಿ ನಡೆಯಿತು. ಮತ್ತೆ ಜ್ವರ ಬಂದ ದಿನ ಅಕ್ಕ ನರ್ಸಿನ ಕೈ ಹಿಡಿದು ಅತ್ತಳು, ಸಂತೋಷಕ್ಕೆ. ಕೊನೆಗೆ ಮನೆಗೆ ಬಂದ. ಆ ಕೈ ಈಗ ಭುಜದ ಮಟ್ಟಕ್ಕೂ ಏಳುವುದಿಲ್ಲ. ಫ್ಯಾಕ್ಟರಿಯಲ್ಲಿ ಗೇಟು ಕಾಯುತ್ತಾನೆ. ಚಳಿಗಾಲದ ಸಂಜೆ ಬೆನ್ನು ತಣ್ಣಗಿದ್ದರೆ ಅಕ್ಕ ಕೈ ತೆಗೆಯುವುದಿಲ್ಲ. ಬೆಚ್ಚಗಾಗುವವರೆಗೆ ಒತ್ತಿ ಹಿಡಿದು ನಿಲ್ಲುತ್ತಾಳೆ. "ತೆಗಿಯೇ ಕೈ, ದೆವ್ವ!" ಎಂದು ಅವನು ಗುಡುಗಿದರೂ ಕದಲುವುದಿಲ್ಲ.

ತಮ್ಮನನ್ನು ಪೊಲೀಸರು ಕರೆದೊಯ್ದರು. ಹೋಗುವಾಗ ಅವಳ ಕಡೆ ನೋಡಲಿಲ್ಲ. ಅಕ್ಕ ಜೈಲಿಗೆ ಹೋದಾಗಲೆಲ್ಲ ಜಾಲರಿಯ ಆಚೆ ಖಾಲಿ ಬೆಂಚು. ಬರುವುದಿಲ್ಲವಂತೆ ಎಂದು ಕಾವಲಿನವನು ಹೇಳುತ್ತಿದ್ದ. ಅವಳು ಅವನಿಗೂ ಬೈದು, ತಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಬೈದು, ದಾರಿಯುದ್ದಕ್ಕೂ ಅಳುತ್ತ ಬರುತ್ತಿದ್ದಳು.

ಮಳೆ ಹಿಡಿದ ಒಂದು ದಿನ ಅವನು ಬಂದು ಕೂತ. ಮೂಗು ಸೊಟ್ಟಗೆ ಕೂಡಿಕೊಂಡಿತ್ತು.

"ಭಾವ ಬೈತಾರಾ?" ಎಂದ.

"ದಿನಾ. ಎದ್ದ ತಕ್ಷಣ ನಿನ್ನಿಂದಲೇ ಶುರು."

"ಗಟ್ಟಿಯಾಗಿ?"

"ಪಕ್ಕದ ಮನೆಯವಳು ಕಿಟಕಿ ಹಾಕ್ಕೋತಾಳೆ."

ತಮ್ಮ ಹಣೆಯನ್ನು ಜಾಲರಿಗೆ ಆನಿಸಿದ. "ಏನೇನು ಬೈತಾರೆ ಹೇಳಕ್ಕಾ."

ಅಕ್ಕ ಮೂಗು ಒರೆಸಿಕೊಂಡು ಸರಿಯಾಗಿ ಕೂತಳು. ಸಮಯವಾಯಿತು ಎಂದು ಕಾವಲಿನವನು ಬಂದು ಎಬ್ಬಿಸುವವರೆಗೂ ಒಂದೂ ಬಿಡದೆ ಹೇಳಿದಳು.