ಅಕ್ಕ ಮುಟ್ಟದ ಬಂಗಾರ

ಕಳೆದ ತಿಂಗಳು ಹೊಳಲ್ಕೆರೆಗೆ ಒಂದು ಲೋಡ್ ಶೇಂಗಾ ಇಳಿಸಲು ಹೋಗಿದ್ದೆ. ಹಮಾಲರು ಮೊದಲ ಚೀಲ ಎಳೆದಾಗ ಸಣ್ಣಗೆ ಧೂಳೆದ್ದಿತು. ಶೇಂಗಾ ಸಿಪ್ಪೆಯ ಧೂಳಿಗೆ ಒಂದು ಒಗರು ವಾಸನೆ ಇರುತ್ತದೆ. ನಮ್ಮಕ್ಕನ ಸೀರೆಗೆ, ತಲೆಗೂದಲಿಗೆ, ಅವಳು ಕಟ್ಟಿಕೊಡುತ್ತಿದ್ದ ಬುತ್ತಿಗೆ ಕೂಡ ಅದೇ ವಾಸನೆ... ನಾನು ಗಾಡಿಯ ಮರೆಗೆ ಹೋಗಿ ನಿಂತುಬಿಟ್ಟೆ.

"ಯಾಕ್ರಿ, ತಲೆ ಸುತ್ತುತೈತಾ?" ಎಂದು ಒಬ್ಬ ಹಮಾಲಿ ಕೇಳಿದ. ಇಲ್ಲ ಎಂದೆ.

ನಾನು ಓದಿದ್ದು ಏಳನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಅಕ್ಕನ ಮಗಳಿಗೆ ಬಾಯಲ್ಲಿ ಹೇಳಲು ಎರಡು ಸಲ ಹೋಗಿ ಸುಮ್ಮನೆ ವಾಪಸ್ ಬಂದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಹಿರಿಯೂರಿನ ಒಂದು ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುತ್ತಿದ್ದಳು. ರಾಶಿಯ ಸುತ್ತ ಹೆಂಗಸರು ಕೂತು ಕಲ್ಲು, ಮುಗ್ಗಲು ಕಾಳು ತೆಗೆಯಬೇಕು. ಚೀಲದ ಲೆಕ್ಕದಲ್ಲಿ ಕೂಲಿ. ಭಾವ ಸಾರಾಯಿ ಕುಡಿದು ಕುಡಿದೇ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಅಂದಿನಿಂದ ಅಕ್ಕ ಒಂದು ಕಟ್ಟು ಮಾಡಿಕೊಂಡಿದ್ದಳು. ಮನೆಯ ದುಡ್ಡು ಸಾರಾಯಿಗೆ ಹೋಗಬಾರದು, ಸಾರಾಯಿ ದುಡ್ಡು ಮನೆಗೆ ಬರಬಾರದು. ಬೀದಿ ಮೂಲೆಯ ಕಿರಾಣಿ ಅಂಗಡಿಯವನು ಕದ್ದುಮುಚ್ಚಿ ಸಾರಾಯಿ ಪ್ಯಾಕೆಟ್ ಇಡಲು ಶುರು ಮಾಡಿದ ಮೇಲೆ ಉಪ್ಪಿಗೂ ಸಂತೆ ಮೈದಾನದವರೆಗೆ ನಡೆದು ಹೋಗುತ್ತಿದ್ದಳು.

"ಉಪ್ಪಿಗೂ ಮಡಿ ಮಾಡ್ತಾಳೆ ನೋಡ್ರೇ ಇವಳು" ಎಂದು ಮಿಲ್ಲಿನ ಹೆಂಗಸರು ನಗುತ್ತಿದ್ದರು.

"ತಿಂದ ಮೇಲೆ ನೀರು ಕುಡಿಯೋಳು ನಾನೇ ಅಲ್ವೇನ್ರೇ" ಎನ್ನುತ್ತಿದ್ದಳು ಅಕ್ಕ.

ಮಗಳಿಗೆ ಹದಿನೈದಾದ ಮೇಲೆ, ಅವಳ ಮದುವೆಗೆಂದು, ವಾರದ ಕೂಲಿಯಲ್ಲಿ ಉಳಿದದ್ದನ್ನು ಪೋಸ್ಟಾಫೀಸಿಗೆ ಕಟ್ಟಲು ನನ್ನ ಕೈಗೆ ಕೊಡುತ್ತಿದ್ದಳು. ಅಕ್ಕನಿಗೆ ಓದು ಬರಹ ಬಾರದು. ಖಾತೆಯನ್ನು ನನ್ನ ಹೆಸರಿನಲ್ಲೇ ಮಾಡಿಸಿದ್ದಳು. ಮೊದಲೆರಡು ವರ್ಷ ನಾನು ಸರಿಯಾಗಿಯೇ ಕಟ್ಟಿದೆ. ಆಗ ನಾನು ಬೇರೆಯವರ ಮೆಟಡೋರ್ ಓಡಿಸುತ್ತಿದ್ದೆ. ಸಾರಾಯಿ ಪ್ಯಾಕೆಟ್ಟಿನ ಬಾಡಿಗೆಯೂ ಬರುತ್ತಿತ್ತು. ಅದನ್ನು ಅಕ್ಕನಿಗೆ ಹೇಳಿರಲಿಲ್ಲ. ಧರ್ಮಪುರ ರಸ್ತೆಯಲ್ಲಿ ಸಾರಾಯಿ ಅಂಗಡಿ ಇಟ್ಟಿದ್ದವನು ಒಂದು ದಿನ ಮಾಲು ಇಳಿಸುವಾಗ ಹೇಳಿದ: "ಪೋಸ್ಟಾಪೀಸಿನಾಗೆ ದುಡ್ಡು ಮಲಗಿರುತ್ತೆ ಕಣಪ್ಪ. ನನ್ನತ್ರ ಕೊಡು, ಎದ್ದು ಓಡಾಡುತ್ತೆ."

ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಕ್ಕನ ದುಡ್ಡು ತೆಗೆದು ಅವನಿಗೆ ಕೊಟ್ಟೆ. ಬಂದ ಮೂರರಲ್ಲಿ ಎರಡನ್ನು ಅಕ್ಕನಿಗೆ ಕೊಟ್ಟೆ, ಒಂದನ್ನು ಇಟ್ಟುಕೊಂಡೆ.

"ಸರ್ಕಾರ ಇಷ್ಟು ಕೊಡುತ್ತೇನೋ?" ಎಂದು ಕೇಳಿದಳು.

"ಹೆಣ್ಮಕ್ಕಳಿಗೆ ಅಂತ ಹೊಸ ಸ್ಕೀಮ್ ಬಂದೈತಕ್ಕ" ಎಂದೆ. ನಂಬಿದಳು. ಆ ಬಡ್ಡಿಯನ್ನು ಊಟಕ್ಕೆ ಮುರಿಯಲಿಲ್ಲ. ಕೂಡಿಟ್ಟು ಮಗಳಿಗೆ ತಾಳಿ, ಎರಡು ಗುಂಡು ಮಾಡಿಸಿದಳು.

ಮಗಳಿಗೆ ಹೊಳಲ್ಕೆರೆ ಕಡೆಯ ಹುಡುಗ ಗೊತ್ತಾದ. ಸಾರಾಯಿ ಅಂಗಡಿಯವನಿಗೆ ಹೇಗೋ ತಿಳಿಯಿತು. ಮದುವೆಗೆ ಬರಬೇಡ ಎಂದು ನೇರವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆ ಸಣ್ಣದು, ಜಾಗವಿಲ್ಲ ಎಂದೆ. "ಜಾಗ ಯಾಕಪ್ಪ, ನಿಂತ್ಕಂಡೇ ಅಕ್ಕಿಕಾಳು ಹಾಕ್ತೀನಿ" ಎಂದ.

ನಮ್ಮಲ್ಲಿ ತಾಳಿ ಕಟ್ಟುವ ಮೊದಲು ಅದನ್ನು ತೆಂಗಿನಕಾಯಿಯ ಮೇಲಿಟ್ಟು, ಚಪ್ಪರದಲ್ಲಿ ಕೂತವರಿಗೆಲ್ಲ ಮುಟ್ಟಿಸುತ್ತಾರೆ. ಎಲ್ಲರ ಕೈ ಸೋಕಿದರೆ ಎಲ್ಲರ ಹರಕೆ. ಸೋದರಮಾವನಾದ ನಾನೇ ತಟ್ಟೆ ಹಿಡಿದಿದ್ದೆ. ಎರಡು ಸಾಲು ಮುಗಿದಿತ್ತು. ಮೂರನೇ ಸಾಲಿನಲ್ಲಿ ಅವನು ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಆ ಸಾಲು ಬಿಟ್ಟು ಮುಂದಕ್ಕೆ ಹೋದೆ.

"ಲೇ, ಸಾಲು ಬಿಟ್ಟೆ ನೋಡಲೇ" ಎಂದು ಹಿರಿಯರೊಬ್ಬರು ಕೂಗಿದರು. ತಿರುಗಿ ಬರಲೇಬೇಕಾಯಿತು.

ಅವನು ತಾಳಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕೆಟ್ಟ ಮನಸ್ಸಿನಿಂದಲ್ಲ, ಸಂತೋಷಕ್ಕೇ ಜೋರಾಗಿ ಹೇಳಿದ: "ಇದ್ರಾಗೆ ನಮ್ಮ ಅಂಗಡೀದೂ ಒಂದು ಪಾಲೈತೆ ಬಿಡ್ರಪ್ಪ."

ಅವನ ಹಿಂದೆ ಅಕ್ಕನ ಜೊತೆ ಕಾಳು ಆರಿಸುವ ಹೆಂಗಸೊಬ್ಬಳು ಕೂತಿದ್ದಳು. ಅವಳ ಗಂಡ ದಿನಾ ಸಂಜೆ ಬಿದ್ದಿರುತ್ತಿದ್ದುದು ಅದೇ ಅಂಗಡಿಯ ಮುಂದೆ. ತಾಳಿ ಮುಟ್ಟಲು ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

ಗಂಡ ಸತ್ತವಳೆಂದು ಅಕ್ಕ ಬೆಳಿಗ್ಗೆಯಿಂದ ಬಾಗಿಲು ದಾಟಿರಲಿಲ್ಲ. ಈಗ ಚಪ್ಪರದ ನಡುವೆ ಬಂದು ನಿಂತಳು.

"ಯಾವ ಅಂಗಡೀನಪ್ಪ?"

"ನಮ್ದೇ ಅಕ್ಕಾ, ಧರ್ಮಪುರ ರೋಡಿಂದು. ಮೂರು ವರ್ಷದಿಂದ ನಿಮ್ಮ ದುಡ್ಡಿನಾಗೇ ನಿಂತೈತೆ."

ಅಕ್ಕ ನನ್ನನ್ನು ನೋಡಿದಳು. "ಹೌದೇನೋ?"

"ನಿನ್ನ ಮಗಳಿಗೇ ಅಲ್ವೇನಕ್ಕ ಮಾಡಿದ್ದು" ಎಂದೆ. ನಾನಿಟ್ಟುಕೊಂಡ ಒಂದು ರೂಪಾಯಿಯ ವಿಷಯ ಆಗಲೂ ಹೇಳಲಿಲ್ಲ.

ಅವಳು ತಟ್ಟೆಗೆ ಕೈ ಹಾಕಲಿಲ್ಲ. "ದಾರ ಬಿಟ್ಟು ಬಂಗಾರ ಬಿಚ್ಚು" ಎಂದು ನನಗೇ ಹೇಳಿದಳು. ವಾದ್ಯದವರು ನಿಲ್ಲಿಸಿದ್ದರು. ಹಸೆಯ ಮೇಲೆ ಕೂತ ಹುಡುಗಿಯ ಬಾಸಿಂಗ ಅಲುಗುತ್ತಿತ್ತು. ಗಂಟು ನನ್ನ ಬೆರಳಿಗೆ ಬಗ್ಗಲಿಲ್ಲ.

"ಬಂಗಾರಕ್ಕೇನು ವಾಸನೆ ಇರುತ್ತೇನಮ್ಮ? ಮುಹೂರ್ತ ಮೀರುತ್ತೆ, ಕಟ್ಟಿಸ್ರಿ" ಎಂದಳು ಹುಡುಗನ ತಾಯಿ.

"ನನಗೆ ಬರುತ್ತೆ ಕಣಮ್ಮ. ಬಂಗಾರ ಇಲ್ದಿದ್ರೆ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡ್ರಿ."

ಹುಡುಗನ ಅಜ್ಜ ಕೆಮ್ಮಿ, "ಅರಿಶಿನದ ಕೊಂಬು ಕಟ್ರಪ್ಪ. ನಮ್ಮವ್ವಂಗೂ ಅದನ್ನೇ ಕಟ್ಟಿದ್ದು" ಎಂದರು. ಅದೇ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಮದುವೆ ಮುಗಿಯಿತು. ಹುಡುಗನ ತಾಯಿ ಊಟಕ್ಕೆ ಕೂರದೆ ಬಸ್ ಹತ್ತಿದಳು. ಆ ಮನೆಯಲ್ಲಿ ನನ್ನ ಸೋದರಸೊಸೆ ಎಷ್ಟೋ ವರ್ಷ ಚುಚ್ಚುಮಾತು ಕೇಳಿದಳು. ಅಕ್ಕನ ಹಟಕ್ಕೆ ಬೆಲೆ ತೆತ್ತವಳು ಅವಳೂ ಹೌದು.

ಅಕ್ಕನ ಕೂಲಿಯ ಅಸಲನ್ನು ಅಂಗಡಿಯವನಿಂದ ಬಿಡಿಸಿ ತಂದುಕೊಟ್ಟೆ. ಬಂಗಾರ ಇನ್ನೂ ನನ್ನ ಹತ್ತಿರವೇ ಇತ್ತು. ಅಕ್ಕ ಹೇಳಿದಳು: "ಅದನ್ನ ಮಾರಿ, ತಾಳಿ ಮುಟ್ಟದೆ ಕೈ ತಗಂಡ್ಳಲ್ಲ, ಅವಳಿಗೆ ಕೊಟ್ಟು ಬಾ. ಅವಳ ಮನೆ ಅಕ್ಕಿ ಅದು. ನಿನ್ನ ಕೈಯಿಂದ ಆಗಿದ್ದು ನಿನ್ನ ಕೈಯಿಂದ್ಲೇ ತೀರ್ಲಿ."

ಚಿತ್ರದುರ್ಗಕ್ಕೆ ಹೋಗಿ ಮಾರಿದೆ. ಅದೇ ವಾರ ನಮ್ಮ ಧಣಿ ಮೆಟಡೋರ್ ಮಾರುವವರಿದ್ದರು. ನನಗೆ ಕಡಿಮೆ ಬಿದ್ದಿದ್ದು ಹೆಚ್ಚುಕಡಿಮೆ ಅಷ್ಟೇ ಹಣ. ಆರು ತಿಂಗಳಲ್ಲಿ ಕೊಟ್ಟರಾಯಿತು ಎಂದುಕೊಂಡು ಗಾಡಿ ಕೊಂಡೆ. ಆ ಆರು ತಿಂಗಳು ಮುಗಿಯಲೇ ಇಲ್ಲ.

"ಕೊಟ್ಟೆಯೇನೋ?" ಎಂದು ಅಕ್ಕ ಕೇಳಿದಳು.

"ಕೊಟ್ಟೆ."

"ಏನಂದ್ಳು?"

"ಏನೂ ಅನ್ಲಿಲ್ಲಕ್ಕ."

ಆಮೇಲೆ ಅಕ್ಕ ಅದರ ಮಾತೇ ಎತ್ತಲಿಲ್ಲ. ಶೇಂಗಾ ಧೂಳಿಗೆ ಉಬ್ಬಸ ಹಿಡಿಯಿತು. ಹಿರಿಯೂರು ಆಸ್ಪತ್ರೆ, ದುರ್ಗದ ಆಸ್ಪತ್ರೆ ಎಂದು ಓಡಾಡಿದೆವು. ಉಳಿಯಲಿಲ್ಲ. ತಮ್ಮ ತಪ್ಪು ಮಾಡಿದರೂ ಕೊನೆಗೆ ಸರಿಮಾಡಿದ ಎಂದು ನಂಬಿಕೊಂಡೇ ಹೋದಳು ಎಂದುಕೊಂಡಿದ್ದೆ. ಅದೊಂದೇ ಸಮಾಧಾನ, ಅದೇ ನನ್ನನ್ನು ಸುಡುತ್ತಿದ್ದದ್ದೂ...

ಹೊಳಲ್ಕೆರೆಯಲ್ಲಿ ಲೋಡ್ ಇಳಿಸಿದ ಮಾರನೇ ದಿನ, ಆ ಬಂಗಾರಕ್ಕೆ ಈಗಿನ ಬೆಲೆ ಕೇಳಿಕೊಂಡು, ಅಷ್ಟು ಹಣ ಹೊಂದಿಸಿ ಹಿರಿಯೂರಿಗೆ ಹೋದೆ. ಆ ಹೆಂಗಸಿಗೆ ಈಗ ಕಣ್ಣು ಮಂಜು. ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಯಾರೆಂದು ಹೇಳಿ, ಹಣ ಮುಂದಿಟ್ಟು, ಎಲ್ಲವನ್ನೂ ಹೇಳಿದೆ.

"ಅದು ಆವಾಗ್ಲೇ ಬಂತಲ್ಲಪ್ಪ" ಎಂದಳು.

"ಯಾರು ಕೊಟ್ರು?"

"ನಿಮ್ಮಕ್ಕ. ವಾರಕ್ಕಿಷ್ಟು ವಾರಕ್ಕಿಷ್ಟು ಅಂತ ಎರಡು ವರ್ಷ ಕೊಟ್ಳು. ಬ್ಯಾಡ ಅಂದ್ರೂ ಕೇಳ್ಲಿಲ್ಲ. ಮದುವೆ ಆದ ತಿಂಗಳಿಗೇ ಕೇಳಿದ್ಳು, ನನ್ನ ತಮ್ಮ ಬಂದಿದ್ನಾ ಅಂತ. ಇಲ್ಲ ಅಂದೆ. ನಿನಗೆ ಹೇಳಬಾರದು ಅಂತ ಆಣೆ ಹಾಕಿಸ್ಕಂಡಿದ್ಳು. ಈಗ ಅವಳೇ ಇಲ್ಲ ಬಿಡು."

ನಾನು ಹಣವನ್ನು ಮತ್ತೆ ಅವಳ ಕಡೆ ಸರಿಸಿದೆ. ಅವಳು ಸೊಪ್ಪಿನ ಕೈಯಲ್ಲೇ ಹಿಂದಕ್ಕೆ ತಳ್ಳಿದಳು. "ಎರಡು ಸಲ ಇಸ್ಕಳಾಕಾಗುತ್ತೇನಪ್ಪ? ತಗಂಡು ಹೋಗು."

ಬಂದು ಗಾಡಿಯಲ್ಲಿ ಕೂತೆ. ಸ್ಟಾರ್ಟ್ ಮಾಡಲಾಗಲಿಲ್ಲ. ಮದುವೆಯ ನಂತರದ ಒಂದೊಂದು ಯುಗಾದಿಗೂ ನಾನು ಅಕ್ಕನ ಮನೆಯಲ್ಲೇ ಉಂಡಿದ್ದೇನೆ. ಹೋಳಿಗೆ ಬಡಿಸುತ್ತಾ "ಗಾಡಿ ಚೆನ್ನಾಗಿ ಓಡ್ತೈತೇನಪ್ಪ?" ಎಂದು ಕೇಳುತ್ತಿದ್ದಳು. ಯಾವ ದುಡ್ಡಿನ ಗಾಡಿ ಎಂದು ತಿಳಿದೇ ಕೇಳುತ್ತಿದ್ದಳು. ಆ ವರ್ಷಗಳಲ್ಲಿ ಅವಳು ಪೋಸ್ಟಾಫೀಸಿಗೆ ಪಕ್ಕದ ಮನೆಯ ಟೀಚರಮ್ಮನನ್ನು ಕರೆದುಕೊಂಡು ಹೋಗುತ್ತಿದ್ದಳು. ಮಾತ್ರೆ ತರಲು ಕೂಡ ನನ್ನ ಕೈಗೆ ದುಡ್ಡು ಕೊಡುತ್ತಿರಲಿಲ್ಲ. ತಮ್ಮನಿಗೆ ಬಾಡಿಗೆ ಜಾಸ್ತಿ, ತೊಂದರೆ ಕೊಡಬಾರದೆಂದು ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ.