ನನ್ನ ಮಗನ ನಾಲಿಗೆ, ವಾರಗಿತ್ತಿಯ ಮಗಳ ನಾಲಿಗೆ

ನಾಲಿಗೆಯ ಬಲ ಅಳೆಯುವ ಮಿಷನ್ ಇದೆ ಎಂದು ನನಗೆ ಗೊತ್ತಾದದ್ದು ನಲವತ್ತಮೂರನೇ ವಯಸ್ಸಿನಲ್ಲಿ. ಮಗನಿಗೆ ನಾಲ್ಕು ವರ್ಷ. ಅವನ ಮಾತು ಮನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಂಗಿಯ ಎದೆ ಯಾವಾಗಲೂ ಜೊಲ್ಲಿನಿಂದ ಒದ್ದೆ. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕಿತ್ತು. ಹಾಗಾಗಿ ಕೆದಂಬಾಡಿಯಿಂದ ಪುತ್ತೂರಿಗೆ, ಮಾತು ಕಲಿಸುವ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಜೊತೆಗೆ ಪಕ್ಕದ ಮನೆಯ ವಾರಗಿತ್ತಿ, ಅವಳ ಮಗಳು. ಮಕ್ಕಳಿಬ್ಬರೂ ಒಂದೇ ಪ್ರಾಯ.

ಮಿಷನ್ನಿನ ನಳಿಕೆಯ ತುದಿಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಮೆತ್ತನೆಯ ಗುಳ್ಳೆ. ಅದನ್ನು ಮಗನ ಬಾಯಿಗಿಟ್ಟು, "ನಾಲಿಗೆಯಲ್ಲಿ ಮೇಲಕ್ಕೆ ಒತ್ತು ಪುಟ್ಟಾ" ಎಂದರು ಥೆರಪಿಸ್ಟ್. ಪರದೆಯಲ್ಲಿ ಏಳು ಬಂದು ನಿಂತಿತು.

"ನಂಗೂ ಬೇಕು!" ವಾರಗಿತ್ತಿಯ ಮಗಳ ಹಠ. ಹೊಸ ಗುಳ್ಳೆ ಹಾಕಿ ಕೊಟ್ಟರು. ಒತ್ತಿದಳು. ಇಪ್ಪತ್ತೆರಡು.

"ಜಗಿದಷ್ಟೂ ನಾಲಿಗೆಗೆ ಬಲ. ಇವಳಿಗೆ ತಿನ್ಲಿಕ್ಕೆ ಎಂತ ಕೊಡ್ತೀರಿ?" ಥೆರಪಿಸ್ಟ್ ಕೇಳಿದರು.

"ಕೊಡುದೆಂತ ಮೇಡಂ, ಕೊಬ್ಬರಿ ಡಬ್ಬಕ್ಕೆ ಅವಳೇ ಕೈ ಹಾಕ್ತಾಳೆ."

ನಾನು ಕುಚ್ಚಲಕ್ಕಿ ಗಂಜಿಯನ್ನೂ ಮಿಕ್ಸಿಗೆ ಹಾಕಿ ಉಣಿಸುತ್ತಿದ್ದವಳು. ಹನ್ನೆರಡು ವರ್ಷ ಕಾದು ಹುಟ್ಟಿದ ಮಗು, ಗಂಟಲಿಗೆ ಸಿಕ್ಕಿದರೆ? ನಾಲ್ಕು ವರ್ಷದ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ?

ಮುಂದಿನ ವಾರ ವಾರಗಿತ್ತಿ ಹೊರಟು ನಿಂತಾಗ, "ಇವತ್ತು ಮೇಡಂ ಇಲ್ಲ" ಎಂದೆ. ಆಮೇಲೆ ಮಗನನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ಅಲ್ಲಿ ಅವನು ಬಾಯಿಯೇ ತೆರೆಯಲಿಲ್ಲ. ಮುದ್ದು ಮಾಡಿದೆ, ಗದರಿದೆ. ಬಾಗಿಲನ್ನೇ ನೋಡುತ್ತಿದ್ದ.

"ಆ ಹುಡುಗಿ ಇದ್ರೆ ಇವನಿಗೆ ಆಟ. ಮುಂದಿನ ಸರ್ತಿ ಕರ್ಕೊಂಡು ಬನ್ನಿ" ಎಂದರು ಥೆರಪಿಸ್ಟ್.

ಸಂಜೆ ವಾರಗಿತ್ತಿಯ ಅಡುಗೆಮನೆಯಲ್ಲಿ ನಿಂತೆ. ಅವಳು ಕಾಯಿ ತುರಿಯುತ್ತಿದ್ದಳು.

"ಮುಂದಿನ ವಾರ ಮಗಳನ್ನು ಕಳಿಸ್ತೀಯಾ?"

"ಮೇಡಂ ಉಂಟಾ ಹಾಗಾದ್ರೆ?" ಅವಳು ತಲೆ ಎತ್ತಲಿಲ್ಲ. "ನೀವು ಬಸ್ಸು ಹತ್ತಿದ್ದು ನಂಗೆ ಕಂಡಿದೆ ಅಕ್ಕ. ಎಂತ ಮಾರಾಯ್ರೆ ನೀವು! ನನ್ನ ಮಗಳು ಒತ್ತಿದ್ರೆ ನಿಮ್ಮವನದ್ದು ಕಮ್ಮಿ ಆಗ್ತದಾ?"

ನಾನು ಬಾಗಿಲ ಕಡೆ ತಿರುಗಿದೆ. ಹೊರಡುವಾಗ ಅವಳು ಕೈಗೆ ಒಂದು ಉದ್ದ ಕೊಬ್ಬರಿ ಚೂರು ಕೊಟ್ಟಳು. "ಹತ್ರ ಕೂತು ಕಚ್ಚಿಸಿ. ಮಿಕ್ಸಿಗೆ ಹಾಕ್ಬೇಡಿ."

ಮುಂದಿನ ವಾರ ಹುಡುಗಿ ಕೆನ್ನೆ ಉಬ್ಬಿಸಿ ಅವನೆದುರು ಕೂತಳು. "ಒತ್ತು ಮಾರಾಯ, ಒತ್ತು!" ಅವನು ನಗುತ್ತಲೇ ಒತ್ತಿದ. ಹನ್ನೊಂದು.

ನಾನು ಎರಡು ಕೈಯನ್ನೂ ಚಾಚಿದೆ. ಅವನು ಗುಳ್ಳೆಯನ್ನು ಉಗಿದು, ಕುರ್ಚಿಯಿಂದಿಳಿದು, ಅವಳ ಹತ್ತಿರ ಓಡಿದ.