ಓದುವ ಕೋಣೆಯ ಹಲಗೆ

ಅವನು ಮುಚ್ಚಿದ ಡಬ್ಬಿಯನ್ನು ತೆಗೆಯಲು ಹೆಂಡತಿ ಸುತ್ತಿಗೆ ಹುಡುಕಬೇಕಿತ್ತು. ಅವನು ನಿಲ್ಲಿಸಿದ ನಲ್ಲಿ ಇನ್ನೊಬ್ಬರ ಕೈಗೆ ತಿರುಗುತ್ತಿರಲಿಲ್ಲ. ಹೀಗಾಗಿ ಬೀದಿಯವರು ಈ ಬಡಗಿಗೆ ಬಿಗಿಯಪ್ಪ ಎಂದು ಹೆಸರಿಟ್ಟಿದ್ದರು. ಅವನೂ ನಗುತ್ತಿದ್ದ. ಆದರೆ ನಿಜ ಹೇಳಬೇಕೆಂದರೆ ಅವನೊಬ್ಬ ಪುಕ್ಕಲ. ತಾನು ಮಾಡಿದ ಕೆಲಸ ಎಲ್ಲಿ ಬಿಟ್ಟುಕೊಳ್ಳುತ್ತದೋ ಎಂದು ದಿನಬೆಳಗಾದರೆ ಹೆದರುತ್ತಿದ್ದ.

ಮರಗೆಲಸದ ಶೆಡ್ಡು ಅವನದೂ ಅವನ ಅಣ್ಣನದೂ. ಹಲಗೆಗಳನ್ನು ಒತ್ತಿ ಹಿಡಿಯುವ ಅಣ್ಣನ ಕ್ಲ್ಯಾಂಪುಗಳು ಹಗುರ, ತೆಳ್ಳಗಿನ ಪಟ್ಟಿಯವು. ಹಲಗೆಗಳ ಅಂಚಿಗೆ ಅಂಟು ಸವರಿ, ಕ್ಲ್ಯಾಂಪಿನೊಳಗೆ ಜೋಡಿಸಿ, ಕೂಡಿಕೆಯ ಉದ್ದಕ್ಕೂ ಅಂಟಿನ ಸಣ್ಣ ಗೆರೆ ಕಂಡ ಕೂಡಲೇ ಅಣ್ಣ ಕೈ ತೆಗೆಯುತ್ತಿದ್ದ. ಬಿಗಿಯಪ್ಪನಿಗೆ ಅಷ್ಟು ಬಿಗಿ ಸಾಲದು ಎನಿಸುತ್ತಿತ್ತು. ಶಾಲೆಯ ಓದುವ ಕೋಣೆಗೆ ಅಗಲವಾದ ಪುಸ್ತಕದ ಹಲಗೆ ಬೇಕೆಂದು ಕೆಲಸ ಬಂದಾಗ ಅಣ್ಣ ಸೊಂಟ ಹಿಡಿದು ಮಲಗಿದ್ದ. ಇವನು ನೆಟ್ಟಗೆ ಕಬ್ಬಿಣದ ಅಂಗಡಿಗೆ ಹೋದ.

“ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಗಿಯೋದು ಯಾವ್ದು?”

“ಇದು ತಗೊಳ್ಳಿ,” ಎಂದ ಅಂಗಡಿಯವನು, ತೋಳು ಗಾತ್ರದ್ದೊಂದನ್ನು ಎತ್ತಿ ಕೊಡುತ್ತ. “ಇದರ ಬಾಯಿಗೆ ಸಿಕ್ಕರೆ ಕಲ್ಲೂ ಅಳುತ್ತೆ.”

ಅಂಥವು ನಾಲ್ಕು ಬಂದವು. ಮೂರು ಹಲಗೆ ಪಕ್ಕಪಕ್ಕ ಕೂಡಿಸಬೇಕಿತ್ತು. ಮುಂಭಾಗಕ್ಕೆ ಬರುವ ಹಲಗೆಯ ಅಂಚು ನಡುವೆ ತುಸು ತಗ್ಗಾಗಿತ್ತು, ಉಗುರು ತೂರುವಷ್ಟು. ಮಟ್ಟ ಮಾಡಲು ಇನ್ನೊಮ್ಮೆ ಉಜ್ಜುಗೊರಡು ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಕ್ಲ್ಯಾಂಪಿನ ಹಿಡಿಗೆ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ತಿರುಗಿಸಿದ. ಸಂದು ಮುಚ್ಚಿಯೇ ಹೋಯಿತು. ಅಂಟು ಧಾರೆಯಾಗಿ ನೆಲಕ್ಕಿಳಿಯಿತು. ಇಷ್ಟು ಹೊರಗೆ ಬಂದಿದೆಯೆಂದರೆ ಒಳಗೆ ಎಷ್ಟಿರಬೇಡ ಎಂದುಕೊಂಡು ಅಂದು ಸಮಾಧಾನದಿಂದ ಉಂಡ.

ಸೋಮವಾರ ಹಲಗೆ ಗೋಡೆಗೇರಿತು. ಕೆಳಗಿನ ಆಸರೆಗಳು ಹಿಂದಿನ ಎರಡು ಹಲಗೆಗಳವರೆಗೆ ಮಾತ್ರ. ಮುಂದಿನದು ಅಂಟಿನ ಮೇಲೇ ನಿಂತಿತ್ತು. ಅದರ ಮೇಲೆ ದಪ್ಪ ದಪ್ಪ ಪುಸ್ತಕ, ಕೆಳಗೆ ಎರಡನೇ ತರಗತಿಯ ಮಕ್ಕಳು ಕೂತು ಓದುವ ಚಾಪೆ. ಅವನ ಮಗಳೂ ಅದೇ ತರಗತಿ. “ನಮ್ಮಪ್ಪ ಮಾಡಿದ್ದು” ಎಂದು ಎಲ್ಲರಿಗೂ ಹೇಳಿ, ಸರಿಯಾಗಿ ಅದರಡಿಯಲ್ಲೇ ಜಾಗ ಹಿಡಿದಿದ್ದಳು.

ಗುರುವಾರ ಬೆಳಿಗ್ಗೆ ಅಣ್ಣ ಶೆಡ್ಡಿಗೆ ಬಂದ. ಆ ಹಲಗೆಯಿಂದ ಕೊಯ್ದುಳಿದ ಗೇಣುದ್ದದ ತುದಿ ನೆಲದ ಮೇಲಿತ್ತು. ಎತ್ತಿಕೊಂಡು ಸುಮ್ಮನೆ ಬೆಂಚಿನ ಅಂಚಿಗೆ ಕುಟ್ಟಿದ. ಟಪ್ಪೆಂದು ಎರಡಾಯಿತು. ಅಣ್ಣ ಬಿಟ್ಟುಕೊಂಡ ಅಂಚಿನ ಮೇಲೆ ಬೆರಳಾಡಿಸಿದ.

“ಲೋ, ಒಳಗೆ ಅಂಟೇ ಇಲ್ವಲ್ಲೋ! ಎಲ್ಲಾ ಹಿಂಡಿ ಹೊರಗೆ ಹಾಕಿದೀಯ. ಸರಿಯಾಗಿ ಕೂಡಿದ್ರೆ ಅಂಟು ಬಿಡೋ ಮೊದಲು ಮರ ಸೀಳಬೇಕಿತ್ತು, ಇದು ನೋಡು, ಒಂದು ಸಿಬಿರೂ ಎದ್ದಿಲ್ಲ. ಎಲ್ಲಿದು?”

“ಶಾಲೇದು ಅಣ್ಣ,” ಎಂದ ಬಿಗಿಯಪ್ಪ. ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಎರಡನೇ ತರಗತಿ ಓದುವ ಕೋಣೆಗೆ ಹೋಗುವುದು ಹನ್ನೊಂದಕ್ಕೆ.

ಓಡಿದ. ಚಪ್ಪಲಿ ಒಂದು ಕಡೆ, ಅವನೊಂದು ಕಡೆ. ಅರ್ಧ ದಾರಿಯಲ್ಲಿ, ಮೂರು ದಿನ ಏನೂ ಆಗಿಲ್ಲವಲ್ಲ, ಸಂಜೆ ಸದ್ದಿಲ್ಲದೆ ಹೋಗಿ ಬಿಚ್ಚಿದರಾಗದೇ ಎಂದು ಮನಸ್ಸು ಪಿಸುಗುಟ್ಟಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇನ್ನೂ ಜೋರಾಗಿ ಓಡಿದ.

ಮಕ್ಕಳು ಆಗಲೇ ಕೂತಿದ್ದರು. ಕೂಗಿದರೆ ಬೆದರಿ ಎದ್ದು ಗೋಡೆಗೆ ಬಡಿದಾರೆಂದು, ಬಾಗಿಲಲ್ಲೇ ಉಸಿರು ಬಿಗಿಹಿಡಿದು ಮೆಲ್ಲಗೆ ಹೇಳಿದ: “ಮೇಡಂ, ಮಕ್ಕಳನ್ನ ಹೊರಗೆ ಕಳಿಸಿ. ಒಬ್ಬೊಬ್ಬರಾಗಿ.”

ಅವನ ಮುಖ ನೋಡಿ ಟೀಚರ್ ಕೂಡಲೇ ಕಳಿಸಿದರು. ಆಮೇಲೆ ಕೈಚಾಚಿ ಹಲಗೆಯ ಅಡಿಯನ್ನು ತಟ್ಟಿದರು. “ಬಂಡೆ ಹಾಗಿದೆಯಲ್ರೀ, ಏನಾಯ್ತು?”

ಬಾಗಿಲಾಚೆ ಮಕ್ಕಳ ನಡುವಿನಿಂದ ಮಗಳು ಕೇಳಿದಳು: “ಗಟ್ಟಿ ಇದೆ ಅಲ್ವಾ ಅಪ್ಪ?”

ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಅವಳತ್ತ ತಿರುಗಿದ. “ಇಲ್ಲ ಮಗಳೇ. ಅಪ್ಪ ಇದನ್ನ ಸರಿಯಾಗಿ ಮಾಡಿಲ್ಲ.”

ಪುಸ್ತಕಗಳನ್ನು ಒಂದೊಂದಾಗಿ ಇಳಿಸಿದ. ಮೊದಲ ಆಸರೆಯ ಸ್ಕ್ರೂ ಸಡಿಲಿಸುವಷ್ಟರಲ್ಲಿ ಮುಂದಿನ ಹಲಗೆ ಉದ್ದಕ್ಕೂ ಕಳಚಿ ಚಾಪೆಯ ಮೇಲೆ ಬಿತ್ತು. ಮಗಳು ಕೂತಿದ್ದ ಜಾಗಕ್ಕೇ. ಮಕ್ಕಳಲ್ಲಿ ಯಾರೂ ನಗಲಿಲ್ಲ.

ಹೊಸ ಹಲಗೆಯ ಅಂಚನ್ನು ನಾಲ್ಕು ಸಲ ಉಜ್ಜಿದ, ಬೆಳಕಿಗೆ ಹಿಡಿದು ನೋಡಿದ, ಅಣ್ಣನ ಹಗುರ ಕ್ಲ್ಯಾಂಪುಗಳನ್ನೇ ಹಾಕಿದ. ಇನ್ನರ್ಧ ಸುತ್ತು ತಿರುಗಿಸಲು ಕೈ ತವಕಿಸಿದಾಗಲೆಲ್ಲ ಅಣ್ಣ ಮಣಿಕಟ್ಟು ಹಿಡಿದು “ಸಾಕು ಬಿಡೋ” ಎನ್ನುತ್ತಿದ್ದ. ಆಸರೆಗಳನ್ನೂ ಮುಂದಿನ ಹಲಗೆಯವರೆಗೆ ಉದ್ದ ಮಾಡಿಸಿದ. ಮರುವಾರ ಹಲಗೆ ಗೋಡೆಗೇರಿತು. ಆದರೆ ಚಾಪೆಯ ಮೇಲೆ ಒಂದು ಮಗುವೂ ಕಾಲಿಡಲಿಲ್ಲ.

“ಮೊದಲು ನೀನು ಕೂತ್ಕೋ ಅಪ್ಪ,” ಎಂದಳು ಮಗಳು.

ಚಕ್ಕಳಮಕ್ಕಳ ಹಾಕಿ ಕೂತ. ಮಕ್ಕಳು ಎದುರು ಗೋಡೆಗೆ ಒರಗಿ, ಒಮ್ಮೆ ಪುಸ್ತಕ, ಒಮ್ಮೆ ಅವನ ತಲೆಯ ಮೇಲೆ ನೋಡುತ್ತ ಓದಿದರು. ಅವನು ಮಾತ್ರ ತಲೆಯೆತ್ತಲಿಲ್ಲ. ಎತ್ತಿದರೆ ತನ್ನ ಅಂಜಿಕೆಯನ್ನು ಮಗಳು ನೋಡಿಬಿಡುತ್ತಾಳೆ. ಗಂಟೆ ಹೊಡೆಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಅವಳು ಎದ್ದು ಬಂದು, ಚಾಪೆಯ ಅಂಚಿನಲ್ಲಿ ನಿಂತು, ಕೊನೆಗೆ ಅವನ ಮಡಿಲಲ್ಲಿ ಕೂತಳು. ಅವನ ಎದೆ ಹೊಡೆದುಕೊಳ್ಳುವುದು ಅವಳ ಬೆನ್ನಿಗೆ ತಾಗುತ್ತಿತ್ತು.

“ಭಯ ಆಗ್ತಿದೆಯಾ ಅಪ್ಪ?”

“ಹೂಂ.”

“ನಂಗೂ,” ಎಂದು ಅವಳು ಪುಸ್ತಕ ತೆರೆದಳು.